ತಳ ಹಿಡಿದ ದಿನ

ನಮ್ಮ ಕೇರಿಯಲ್ಲಿ ಗಡಿಯಾರ ನೋಡಿ ಯಾರೂ ಅಡುಗೆ ಮಾಡುತ್ತಿರಲಿಲ್ಲ.
ಕೆಳಗೆ ಮಿಂಡೆಲೋ ಬಂದರು, ಮೇಲೆ ಬೋಳು ಗುಡ್ಡ,
ನಡುವೆ ಒಂದರ ಹೆಗಲಿಗೊಂದು ಒರಗಿದ ನಲವತ್ತು ಮನೆ,
ನಲವತ್ತು ಕಿಟಕಿಗೂ ಒಂದೇ ರೇಡಿಯೋ.
ಎಂಟಕ್ಕೆ ಸರಿಯಾಗಿ ಎವಾಂಡ್ರು ಕೆಮ್ಮುತ್ತಿದ್ದ
(ಅವನ ನಮಸ್ಕಾರವೇ ಅದು),
ನಾವು ಒಲೆ ಹೊತ್ತಿಸುತ್ತಿದ್ದೆವು.

ಮೊದಲೆರಡು ಕೊಲಾದೇರ. ಅವು ಪೊರಕೆಯವು.
ಸಹಾರಾದಿಂದ ಕಡಲು ದಾಟಿ ಬರುವ ಧೂಳು
ಟಿಕೀಟು ಕೊಳ್ಳದ ಪಯಣಿಗನಂತೆ ಮಂಚದಡಿ ಮಲಗಿರುತ್ತದೆ;
ಎಬ್ಬಿಸಲು ಬರೀ ಕೈ ಸಾಲದು, ಸೊಂಟ ಬೇಕು.
ಎಪ್ಪತ್ತು ದಾಟಿದ ಬಿಬೀನ್ಯಾ ಕೂಡ
ಹೊಸ್ತಿಲವರೆಗೆ ಕುಣಿದು ಬಂದು
ಕಸ ಹೊರದಬ್ಬಿ, ಬಾಗಿಲು ಹಿಡಿದು ಏದುಸಿರು ಬಿಡುತ್ತಿದ್ದಳು.
ಆ ಕಸ ಪಕ್ಕದ ಮನೆ ಸೇರುತ್ತಿತ್ತು. ಅದು ಬೇರೆ ಮಾತು.

ಆಮೇಲೆ ಮೊರ್ನ. ನಿಧಾನ. ಅದು ಈರುಳ್ಳಿಗೆ.
ಪಿಟೀಲು ಮೇಲೇಳುವಾಗ ಹೆಚ್ಚಲು ಕೂತರೆ
ಯಾವ ಕಣ್ಣೀರು ಯಾವುದರದ್ದೆಂದು
ಅತ್ತೆಯಾದರೂ ಕೇಳುವಂತಿಲ್ಲ.
ಇಡಲೀನಾ ದಿನಕ್ಕೆ ಆರು ಈರುಳ್ಳಿ ಹೆಚ್ಚುತ್ತಿದ್ದಳು.
ಅವಳ ಮನೆಯಲ್ಲಿ ಉಣ್ಣುವವರು ಇಬ್ಬರು.

ಪಾತ್ರೆ ತಿಕ್ಕಲು ಫುನನಾ.
ಆಚೆ ದ್ವೀಪದವರ ಗಲಾಟೆ ಅದು ಎನ್ನುತ್ತಲೇ
ಅವ್ವ ಅದಕ್ಕೇ ಕಾಯುತ್ತಿದ್ದಳು.
ಕಬ್ಬಿಣದ ಸರಳು, ಅದನ್ನು ಕೆರೆಯಲೊಂದು ಚಾಕು,
ಆ ವಾದ್ಯವೆಂದರೆ ಇಷ್ಟೇ;
ನಾವೂ ಕೆರೆದೆವು ಬಾಣಲೆ, ಯಾರು ಯಾರಿಗೆ ತಾಳವೋ.

ಕಚೂಪ ಮಾಡುವುದನ್ನು ಅವ್ವ ಕಲಿಸಿದ್ದು ಹೀಗೆ:
ರಾತ್ರಿಯೇ ನೆನೆಹಾಕು ಜೋಳ, ಅವರೆ.
ಹನ್ನೊಂದನೆಯ ಹಾಡಿಗೆ ಜೋಳ ಬಾಯಿ ಬಿಡುತ್ತದೆ.
ಹದಿಮೂರಕ್ಕೆ ಗೆಣಸು, ಕೋಸು, ಇದ್ದರೆ ಮೀನು.
ಸಾಬೂನಿನ ಜಾಹೀರಾತು ಬಂದಾಗ ಉಪ್ಪು.

ಆ ಮಂಗಳವಾರ ಕೆಮ್ಮು ಬಂತು, ಹಾಡು ಬಂತು.
ಮುಗಿದ ಮೇಲೆ ಅದೇ ಹಾಡು ಬಂತು.
ಮತ್ತೆ ಅದೇ.
ಕೊಲಾದೇರವಿಲ್ಲ, ಸಾಬೂನಿಲ್ಲ, ಉಪ್ಪಿಲ್ಲ.
ಪೊರಕೆ ಹಿಡಿದವರು ಹಿಡಿದಲ್ಲೇ ನಿಂತರು,
ಇಡಲೀನಾ ಹೆಚ್ಚುತ್ತಲೇ ಇದ್ದಳು, ಬುಟ್ಟಿ ಬರಿದಾಗುವವರೆಗೆ.
ಕಿಟಕಿಯಿಂದ ಕಿಟಕಿಗೆ ಲೆಕ್ಕದ ಜಗಳ:
ಇದು ಒಂದು ಹಾಡೋ, ಒಂಬತ್ತೋ?
ಒಂದೆಂದವರ ಪಾತ್ರೆ ತಳ ಹಿಡಿಯಿತು,
ಒಂಬತ್ತೆಂದವರದ್ದೂ ಹಿಡಿಯಿತು,
ಜಗಳದ ನಡುವೆ ಸೌಟಾಡಿಸುವವರು ಯಾರು?

ಗುಡ್ಡವೆಲ್ಲ ಕಮಟು. ಬಂದರಿನ ನಾವಿಕರು
ತಲೆಯೆತ್ತಿ ನೋಡಿದರಂತೆ, ಬೆಂಕಿ ಎಲ್ಲಿ ಎಂದು.

ಝುಲ್ಮಿರಾ ಬಟ್ಟೆ ಒಗೆದು ಬದುಕುವವಳು,
ಮಾತು ಕಡಿಮೆ, ಮುಂಗೈ ಗಟ್ಟಿ.
ಕರಕಲು ಹತ್ತಿದ ಸೌಟು ಹಿಡಿದು, ಹವಾಯಿ ಚಪ್ಪಲಿಯಲ್ಲೇ
ಇಳಿದು ಹೋದಳು ನಿಲಯಕ್ಕೆ.
ಹೋದದ್ದು ಹತ್ತೂವರೆಗೆ, ಬಂದದ್ದು ಎರಡಕ್ಕೆ.
ಸೌಟು ಅಲ್ಲೇ ಬಿಟ್ಟು ಬಂದಿದ್ದಳು.

ಬಿಡಿಸಿ ಬಿಡಿಸಿ ಕೇಳಿದಾಗ ಹೇಳಿದಳು:
ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ
ಒಂದು ಕಾಗದ ಬಂದಿಲ್ಲವಂತೆ, ಒಂದು ಫೋನು ಇಲ್ಲವಂತೆ.
ಕೇಳುವವರಿದ್ದಾರೋ ಇಲ್ಲವೋ, ನೋಡೇಬಿಡೋಣ ಎಂದು
ಒಂದೇ ತಟ್ಟೆ ತಿರುಗಿಸುತ್ತ ಕೂತಿದ್ದನಂತೆ,
ಅತ್ತಂತಿದ್ದವಂತೆ ಕಣ್ಣು, ಈರುಳ್ಳಿ ಇಲ್ಲದೆ.
"ನೀನೇನಂದೆ?"
"ಏನನ್ನಲಿ? ಸೌಟು ಮೂಗಿನ ಹತ್ತಿರ ಹಿಡಿದೆ.
ಮೂಸು ಅಂದೆ."

ಮರುದಿನ ಎಂಟಕ್ಕೆ ಕೆಮ್ಮು.
ಎರಡು ಕೊಲಾದೇರ; ಧೂಳೆದ್ದಿತು.
ಜೋಳ ಹೇಳಿದ ಹೊತ್ತಿಗೆ ಬಾಯಿ ಬಿಟ್ಟಿತು.
ಸಾಬೂನಿನ ಜಾಹೀರಾತಿಗೆ ಮುಂಚೆ, ಸ್ವಲ್ಪ ತಡೆದು,
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ಎವಾಂಡ್ರು ಒಂದು ಮಾತು ಹೆಚ್ಚು ಆಡಿದ:

"ಉಪ್ಪು."

ನಾನು ಆಗಲೇ ಹಾಕಿಬಿಟ್ಟಿದ್ದೆ.
ಇನ್ನೊಮ್ಮೆ ಹಾಕಿದೆ.